ಏಳೇಳು ಜನ್ಮದ ಸ್ತೋತ್ರ ಚೀಟಿ

ದೇವಪುತ್ರಪ್ಪ ಊಟಕ್ಕೆ ಮುಂಚೆ ಪ್ರಾರ್ಥನೆ ಶುರು ಮಾಡಿದ್ರೆ ಅದು ಗೂಡ್ಸ್ ಗಾಡಿ ಬಂದಂಗೆ. ಇಂಜಿನ್ ಹೋತು, ಇನ್ನೇನು ಗೇಟ್ ತೆಗೀತಾರೆ ಅನ್ಕಂಡ್ರೆ ಹಿಂದೆ ಇನ್ನೂ ನಲವತ್ತು ಡಬ್ಬಿ ಇರ್ತಾವೆ.

ಅವತ್ತು ಬುಧವಾರ, ಸಂಜೆ ಏಳೂವರೆ. ದಾವಣಗೆರೆ ಸರಸ್ವತಿ ನಗರದ ಮನ್ಯಾಗೆ ಎಲ್ಲಾರೂ ತಟ್ಟೆ ಮುಂದೆ ಕಣ್ಣು ಮುಚ್ಕಂಡು ಕುಂತಿದ್ರು. ಅಜ್ಜಿ ಎಲಿಶಮ್ಮ ಕೈ ಮುಗಿದಿದ್ರೂ ಮೂಗು ಸಾರಿನ ಕಡೆ. ಮಗ ಸತ್ಯಮಿತ್ರ, ಸೊಸೈಟಿ ಬ್ಯಾಂಕಿನ ಹೊಸಾ ಗುಮಾಸ್ತ, ತಲೆ ಬಗ್ಗಿಸಿದ್ರೂ ಕ್ರಾಪು ಕೆಡದಂಗೆ. ಮಗಳು ಲೀದಿಯಾ ಮಾತ್ರ ಒಂದು ಕಣ್ಣು ಬಿಟ್ಕಂಡು ಗಡಿಯಾರ ನೋಡ್ತಿದ್ಲು. ಹತ್ತೊಂಬತ್ತು ವರ್ಷ, ಬಿ.ಎ. ಎರಡನೇ ವರ್ಷ. ಪಾಠ ಒಂದಕ್ಷರ ತಲೆಗೆ ಹತ್ತಲ್ಲ. ಆದ್ರೆ ಊರಿನ ಟಾಕೀಸಿಗೆ ಬಂದ ಯಾವ ಸಿನಿಮಾನೇ ಇರಲಿ, ಹೀರೋ ಗುಡುಗಿದ್ದು, ವಿಲನ್ ನಕ್ಕಿದ್ದು, ಹೀರೋನ ತಾಯಿ ಸಾಯಾಗ ಹೇಳಿದ್ದು, ಎಲ್ಲಾ ಬಾಯಿಪಾಠ.

"ಬಿಸಿಲಿಗೆ ಸ್ತೋತ್ರ ಕರ್ತನೇ, ಮಳೆಗೆ ಸ್ತೋತ್ರ. ನಾಲೆಗೆ ನೀರು ಬಿಟ್ಟಿದ್ದಕ್ಕೆ ಸ್ತೋತ್ರ. ನನ್ನ ಮಿಲ್ಲಿಗೆ ಸ್ತೋತ್ರ, ಮಿಲ್ಲಿನ ಬಾಯ್ಲರ್ ರಿಪೇರಿ ಆಗಿದ್ದಕ್ಕೆ ಸ್ತೋತ್ರ..."

ಏಳು ನಿಮಿಷ. ಒಲೆ ಮುಂದೆ ಹೆಂಡತಿ ಸುಗುಣಮ್ಮ ಕೈಗೆ ಹತ್ತಿದ ಹಿಟ್ಟು ಒಣಗಿಸಿಕೆಂತ ನಿಂತಿದ್ಲು. ಕೊನೀಗೆ ಆಮೆನ್ ಬಂತು. ದೇವಪುತ್ರಪ್ಪ ರೊಟ್ಟಿ ಮುಟ್ಟಿ ನೋಡಿದ.

"ಆರಿ ಹೋಗೈತಲ್ಲೇ. ಬಿಸಿದು ತಗಂಬಾ."

"ಸಾರಿಗೆ ಉಪ್ಪು ಒಂದು ಕಲ್ಲು ಜಾಸ್ತಿ," ಅಂದ್ಲು ಅಜ್ಜಿ.

"ಅವ್ವಾ, ನನ್ನ ನೀಲಿ ಅಂಗಿ ಇಸ್ತ್ರಿ ಆತಾ?" ಅಂದ ಸತ್ಯಮಿತ್ರ.

"ತಾಯೀ! ಈ ಬಡ ಮಗಳ ತಟ್ಟೆಗೆ ಒಂದೇ ಒಂದು ಹೋಳು ಉಪ್ಪಿನಕಾಯಿ!" ಅಂದ್ಲು ಲೀದಿಯಾ, ಎದೆ ಮೇಲೆ ಕೈ ಇಟ್ಕಂಡು.

ಸುಗುಣಮ್ಮ ಹಂಚು ಇಳಿಸಿದ್ಲು. ಒಲೆಗೆ ನೀರು ಚಿಮುಕಿಸಿದ್ಲು. ಚುಂಯ್ ಅಂತು.

"ಏನಾತು?" ಅಂದ ದೇವಪುತ್ರಪ್ಪ.

"ಏಳು ನಿಮಿಷ ಸ್ತೋತ್ರ ಮಾಡಿದ್ರಲ್ಲ, ನಾನೂ ಕೇಳಿಸ್ಕಂಡೆ. ಸೂರ್ಯ ಬಂದ, ನಾಲೆ ಬಂತು, ಬಾಯ್ಲರ್ ಬಂತು. ನಾನೆಲ್ಲಿ ಬಂದೆ?"

"ನಿನಗೇನು ಪ್ರತ್ಯೇಕ ಹೇಳೋದು? ನೀನು ಮನೆಯೋಳು."

"ಬಾಯ್ಲರ್ ಹೊರಗಿಂದೇನು? ಇಪ್ಪತ್ನಾಕು ವರ್ಷ ಆತು. ಈ ಮನ್ಯಾಗೆ ನನಗೆ ಯಾರಾದ್ರೂ ಒಂದು ಒಳ್ಳೆ ಮಾತು ಅಂದಿದ್ರೆ ಹೇಳ್ರಿ, ಇವಾಗ್ಲೇ ಬಿಸಿ ರೊಟ್ಟಿ ಬಡೀತೀನಿ."

ಎಲ್ಲಾರೂ ತಟ್ಟೆ ನೋಡಿದ್ರು. ಹಂಗಂತ ಊಟಾನೂ ನಿಲ್ಲಿಸಲಿಲ್ಲ. ಅದು ಆಕೆಗೆ ಇನ್ನೂ ಉರೀತು.

"ಆತು. ಬೆಳಗ್ಗೆ ಎಂಟರ ಬಸ್ಸಿಗೆ ಹರಿಹರಕ್ಕೆ ಹೋಗ್ತೀನಿ, ನಮ್ಮ ತಮ್ಮನ ಮನೆಗೆ. ಮನಸಾರೆ ಒಂದು ಮಾತು ಈ ಮನೆಯಿಂದ ಬರೋ ತನಕ ಈ ಕಡೆ ತಲೆ ಹಾಕಲ್ಲ."

"ಹೋಗು ಹೋಗು, ಯಾರು ಹಿಡ್ಕಂಡಾರೆ!" ಅಂದುಬಿಟ್ಟ ದೇವಪುತ್ರಪ್ಪ. ಚರ್ಚಿನ ಸಭಾ ಹಿರಿಯ, ಮಿಲ್ಲಿನ ಮೇಸ್ತ್ರಿ. ಎರಡೂ ಕಡೆ ತಗ್ಗಿ ಮಾತಾಡಿ ಅಭ್ಯಾಸ ಇಲ್ಲ.

ಬೆಳಗ್ಗೆ ಸುಗುಣಮ್ಮ ಚೀಲ ಹಿಡ್ಕಂಡು ಹೊರಟಾಗ ಲೀದಿಯಾ ಬಾಗಿಲಿಗೆ ಅಡ್ಡ ನಿಂತ್ಲು. "ನಿಲ್ಲು ತಾಯಿ! ಈ ಹೊಸಿಲು ದಾಟೋ ಮುಂಚೆ ನನ್ನ ಹೆಣದ ಮೇಲೆ..."

"ಸರಿ ಆಕಡೆ. ಹಾಲು ಉಕ್ತಾ ಐತೆ, ಹೋಗಿ ಇಳಿಸು."

ಹಾಲು ಉಕ್ಕೇ ಹೋಗಿತ್ತು. ಅವ್ವನೂ ಹೋಗಿದ್ಲು.

*

"ಎರಡು ದಿನ. ಮೂರನೇ ದಿನಕ್ಕೆ ಬರ್ಲಿಲ್ಲ ಅಂದ್ರೆ ಕೇಳ್ರಿ," ಅಂತ ದೇವಪುತ್ರಪ್ಪ ಮೀಸೆ ತಿರುವಿದ್ದ. ಮೂರನೇ ದಿನ ಯಾರೂ ಕೇಳಲಿಲ್ಲ. ಕೇಳಾಕೆ ಯಾರ ಮೈಯಾಗೂ ತ್ರಾಣ ಇರ್ಲಿಲ್ಲ.

ಲೀದಿಯಾ ಮಾಡಿದ ಅನ್ನ ಗೋಡೆಗೆ ಪೋಸ್ಟರ್ ಅಂಟಿಸಾಕೆ ಬರೋ ಹಂಗಿತ್ತು. ಸತ್ಯಮಿತ್ರ ಇಸ್ತ್ರಿ ಮಾಡಾಕೆ ಹೋಗಿ ನೀಲಿ ಅಂಗಿ ಬೆನ್ನಿಗೆ ಒಂದು ಕಿಟಕಿ ಇಟ್ಟ. ದೇವಪುತ್ರಪ್ಪ, "ಅಷ್ಟು ದೊಡ್ಡ ಮಷೀನು ನಡೆಸ್ತೀನಿ, ಇದೇನು ಮಹಾ" ಅಂತ ರೊಟ್ಟಿ ಬಡಿಯಾಕೆ ಕುಂತ. ಮೊದಲನೇದು ಹರಿದೋತು. ಎರಡನೇದು ಹಂಚಿಗೆ ಕಚ್ಕಂತು. ಮೂರನೇದನ್ನ ಅಜ್ಜಿ ಕೈಯಾಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ಲು.

"ಇದು ತಿನ್ನಾದೇನಪ್ಪಾ, ಇಲ್ಲಾ ಚಪ್ಪಲಿಗೆ ಅಟ್ಟೆ ಹಾಕ್ಸಾದಾ?"

ಪಕ್ಕದ ಮನೆ ದಿಲ್ಷಾದ್ ಬೇಗಂ ಗೋಡೆ ಮೇಲಿಂದ ಒಂದು ಬಟ್ಟಲು ಖುರ್ಮಾ ದಾಟಿಸಿದ್ಲು. "ಕ್ಯಾ ರೇ ಲೀದಿ, ಮೂರು ದಿನದಿಂದ ನಿಮ್ಮ ಮನೆ ಹೊಗೆ ನೋಡ್ತಾ ಇದೀನಿ. ಅಡಿಗೆ ಮಾಡ್ತೀರೋ, ಸೊಳ್ಳೆ ಓಡಿಸ್ತೀರೋ?"

"ಶೂಟಿಂಗ್ ನಡೀತಾ ಐತೆ ಆಪಾ, ಬೆಂಕಿ ಸೀನು."

"ಸೀನು ಸಾಕು. ಹೋಗಿ ಅಮ್ಮನ್ನ ಕರ್ಕಂಡು ಬಾ."

ಐದನೇ ದಿನ ಮನೆ ಪ್ರಾರ್ಥನೆಯಾಗೆ ಬೈಬಲ್ ಓದೋ ಪಾಳಿ ಸತ್ಯಮಿತ್ರನದು. ಹತ್ತು ಜನ ಕುಷ್ಠರೋಗಿಗಳು ವಾಸಿಯಾದ ಸಂಗತಿ ಬಂತು. ತಿರುಗಿ ಬಂದು ವಾಸಿ ಮಾಡಿದ ಸ್ವಾಮಿ ಕಾಲಿಗೆ ಬಿದ್ದೋನು ಒಬ್ಬನೇ.

"ಮಿಕ್ಕ ಒಂಬತ್ತು ಜನ ಎಲ್ಲಿ ಅಂತ ಕೇಳ್ತಾನಲ್ಲ ಸ್ವಾಮಿ," ಅಂದ್ಲು ಅಜ್ಜಿ, ಹಲ್ಲಿಲ್ಲದ ಬಾಯಾಗೆ ಸುಟ್ಟ ರೊಟ್ಟಿ ನೆನೆಸಿಕೆಂತ. "ಅದ್ರಾಗೆ ನಾಕು ಜನ ಸರಸ್ವತಿ ನಗರದಾಗೆ ಅದಾರೆ. ಅಡ್ರೆಸ್ ಬೇಕಾದ್ರೆ ಕೊಡ್ತೀನಿ."

"ಹಂಗಾದ್ರೆ ನೀನೇ ಹೋಗಿ ಕರ್ಕಂಡು ಬಾ ಅವ್ವಾ," ಅಂದ ದೇವಪುತ್ರಪ್ಪ.

"ನಾನು ಅತ್ತೆ. ಅತ್ತೆ ಹೋಗಿ ಕರೆದ್ರೆ ಏನು ಚೆಂದ? ನೀನು ಗಂಡ, ನೀನು ಹೋಗು."

"ನಾನು ಸಭಾ ಹಿರಿಯ."

"ಹಂಗಾದ್ರೆ ಇಬ್ರೂ ಇದನ್ನೇ ತಿನ್ನಾಣ," ಅಂತ ಅಜ್ಜಿ ಇನ್ನೊಂದು ತುಣುಕು ಮುರಿದ್ಲು. ಅದು ಮುರೀಲಿಲ್ಲ.

*

ಎರಡನೇ ಭಾನುವಾರ ಲೀದಿಯಾ ಹರಿಹರಕ್ಕೆ ಹೋದ್ಲು. ಸುಗುಣಮ್ಮ ಹೊಳೆ ಹತ್ರದ ತಮ್ಮನ ಮನೆ ಕಟ್ಟೆ ಮೇಲೆ ಅವರೆಕಾಯಿ ಸುಲೀತಾ ಕುಂತಿದ್ಲು. ಮಗಳನ್ನ ಕಂಡು ಮುಖ ಅರಳ್ತು, ಆದ್ರೆ ಕೈ ನಿಲ್ಲಲಿಲ್ಲ.

"ಅಪ್ಪ ಬಿ.ಪಿ. ಗುಳಿಗೆ ತಗಂತಾರಾ?"

"ಹೂಂ."

"ಅಜ್ಜಿಗೆ ಬಿಸಿನೀರು?"

"ಕಾಸ್ತೀನಿ. ಒಂದೊಂದ್ಸಲ ಕುದೀತೈತೆ."

ಸುಗುಣಮ್ಮ ಒಂದು ಕಾಯಿ ಸುಲಿದ್ಲು, ಇನ್ನೊಂದು ಸುಲಿದ್ಲು. "ನಿಮ್ಮಪ್ಪ... ಏನಾದ್ರೂ ಅಂದ್ರಾ?"

ಡೈಲಾಗಿಗೆ ಯಾವತ್ತೂ ಬರ ಇಲ್ಲದ ಲೀದಿಯಾ ಬಾಯಿ ಆವಾಗ ಕಟ್ಟಿ ಹೋತು. ಅವ್ವನ ಮುಖ ನೋಡಾಕೆ ಆಗ್ಲಿಲ್ಲ. "ಅಂತಾರೆ ಅವ್ವಾ. ಅಂದೇ ಅಂತಾರೆ," ಅಂದು ಒಳಗೆ ಹೋದ್ಲು. ಒಳಗೆ ಹೋದಾಕೆಗೆ ಒಂದು ಪ್ಲಾನು ಹೊಳೀತು.

ಅವರ ಚರ್ಚಿನಾಗೆ ಒಂದು ಪದ್ಧತಿ. ಮನ್ಯಾಗೆ ಏನಾದ್ರೂ ಒಳ್ಳೇದಾದ್ರೆ ಒಂದು ಚೀಟಿ ಬರೆದು, ಐದೋ ಹತ್ತೋ ರೂಪಾಯಿ ಜತೆ ಮಡಚಿ ಕಾಣಿಕೆ ಚೀಲಕ್ಕೆ ಹಾಕೋದು. ಪಾಸ್ಟರ್ ಅಯ್ನೋರು ಅದನ್ನ ಎಲ್ಲರ ಮುಂದೆ ಓದ್ತಾರೆ. ಮಗ ಎಸೆಸೆಲ್ಸಿ ಪಾಸಾಗಿದ್ದಕ್ಕೆ ಸ್ತೋತ್ರ. ಎಮ್ಮೆ ಈದಿದ್ದಕ್ಕೆ ಸ್ತೋತ್ರ. ದಾವಣಗೆರೆಗೂ ಹರಿಹರಕ್ಕೂ ಒಬ್ರೇ ಅಯ್ನೋರು, ಭಾನುವಾರ ಬೆಳಗ್ಗೆ ದಾವಣಗೆರೆ, ಸಂಜೆ ಹರಿಹರ. ಅಪ್ಪನ ಕೈಬರಹ ಲೀದಿಯಾಗೆ ಹೊಸದಲ್ಲ. ಎಂಟನೇ ಕ್ಲಾಸಿನಿಂದ ಮಾರ್ಕ್ಸ್ ಕಾರ್ಡಿಗೆ ಆತನ ಸೈನು ಹಾಕಿ ಪಳಗಿದ ಕೈ.

ಮೊದಲ ಸಾಲು ಅಪ್ಪನ ಥರಾನೇ ಬಂತು. "ನನ್ನ ಹೆಂಡತಿ ಸುಗುಣ ಇಪ್ಪತ್ತನಾಲ್ಕು ವರ್ಷ ನಮ್ಮೆಲ್ಲರಿಗೂ ಉಣ್ಣಿಸಿದ್ದಕ್ಕೆ ದೇವರಿಗೆ ಸ್ತೋತ್ರ." ಅಲ್ಲಿಗೆ ನಿಲ್ಲಿಸಿದ್ರೆ ಕಥೆ ಬೇರೆ ಆಗ್ತಿತ್ತು. ಆದ್ರೆ ಕೈಗೆ ಹುರುಪು ಬಂತು. ಎಷ್ಟು ಸಿನಿಮಾ ನೋಡಿದ ಕೈ!

ಸಂಜೆ ಆರಾಧನೆಯಾಗೆ ಅಯ್ನೋರು ಚೀಟಿ ಬಿಚ್ಚಿ ಮೊದಲ ಸಾಲು ಓದಿದ್ರು. ಇಡೀ ಚರ್ಚು ಸುಗುಣಮ್ಮನ ಕಡೆ ತಿರುಗ್ತು. ಅಯ್ನೋರು ಎರಡನೇ ಸಾಲಿಗೆ ಬಂದು ತಡದ್ರು. ಕನ್ನಡಕ ತೆಗೆದು ಒರೆಸಿದ್ರು. ಮತ್ತೆ ಹಾಕ್ಕಂಡ್ರು. ಅಕ್ಷರ ಬದಲಾಗಿರ್ಲಿಲ್ಲ.

"ಏಳೇಳು ಜನ್ಮಕ್ಕೂ... ಈಕೆಯೇ ನನ್ನ ಧರ್ಮಪತ್ನಿಯಾಗಿ... ಬರಲಿ ಎಂದು ಬೇಡುವ, ದೇವಪುತ್ರಪ್ಪ."

ಹಿಂದಿನ ಬೆಂಚಿನಾಗೆ ಒಬ್ಬ ಮುದುಕಿ "ಅಯ್ಯೋ ಸ್ವಾಮೀ" ಅಂದ್ಲು. ಗಂಡಸ್ರ ಕಡೆ ನಾಕೈದು ಜನಕ್ಕೆ ಒಟ್ಟಿಗೇ ಕೆಮ್ಮು ಬಂತು. ಸುಗುಣಮ್ಮ ಮಾತ್ರ ಯಾವ ಕೆಮ್ಮೂ ಕೇಳಿಸಿಕೊಳ್ಳಲಿಲ್ಲ. ಸೆರಗಿನಾಗೆ ಮುಖ ಮುಚ್ಕಂಡು ಅತ್ಲು. ಭುಜ ಕುಣೀತಿದ್ವು. ನಗ್ತಾನೂ ಇದ್ಲು ಅನ್ಸುತ್ತೆ.

ಸೋಮವಾರ ಬೆಳಗ್ಗೆ ಎಂಟಕ್ಕೇ ತಾಯಿ ಮಗಳು ದಾವಣಗೆರೆ ಬಸ್ ಹತ್ತಿದ್ರು.

*

"ನೀವು ಬರೆದಿದ್ದು ಓದಿದ್ರು," ಅಂದ್ಲು ಸುಗುಣಮ್ಮ ಬಾಗಿಲಾಗೆ, ನೆಲ ನೋಡ್ಕೆಂತ.

"ನಾನು... ಏನು..." ಅಂದ ದೇವಪುತ್ರಪ್ಪ. ಆಕೆ ಬೆನ್ನ ಹಿಂದೆ ಮಗಳು ಕೈ ಮುಗೀತಿದ್ಲು, ಬಾಯಿ ಮೇಲೆ ಬೆರಳು ಇಡ್ತಿದ್ಲು, ಕುತ್ತಿಗೆ ಕೊಯ್ಕಂಡಂಗೆ ಮಾಡ್ತಿದ್ಲು. "ಹಾಂ. ಹೂಂ. ಓದಿದ್ರಾ? ಒಳ್ಳೇದಾತು."

ಆಮೇಲೆ ಹಿತ್ತಲಿಗೆ ಕರ್ಕಂಡು ಹೋಗಿ ಕಿವಿ ಹಿಂಡಿದ. ಲೀದಿಯಾ ಮೊದಲನೇ ಸಾಲು ಮಾತ್ರ ಒಪ್ಪಿಸಿದ್ಲು. ಎರಡನೇದನ್ನ ಸೆನ್ಸಾರ್ ಮಾಡಿದ್ಲು.

"ಎಷ್ಟು ಇಟ್ಟೆ ಕಾಣಿಕೆ?"

"ಐದು ರೂಪಾಯಿ."

"ನನ್ನ ಹೆಸರಿಗೆ ಬರೀ ಐದಾ? ಹತ್ತು ಇಡಬೇಕು ಅಂತ ಗೊತ್ತಾಗಲ್ವಾ?"

ಆ ವಾರ ಮನೆ ಮನೆಯಂಗಿತ್ತು. ಸುಗುಣಮ್ಮ ಕೀರ್ತನೆ ಹಾಡ್ಕೆಂತ ಶೇಂಗಾ ಹೋಳಿಗೆ ತಟ್ಟಿದ್ಲು. ಸತ್ಯಮಿತ್ರ ನಾಕು ಕೆ.ಜಿ. ಇಳಿದಿದ್ದೋನು ಎರಡು ದಿನಕ್ಕೆ ಐದು ಕೆ.ಜಿ. ಏರಿದ. ಲೀದಿಯಾ ನೂರು ದಿನ ಓಡಿದ ಪಿಚ್ಚರಿನ ಡೈರೆಕ್ಟರ್ ಥರ ಅಡ್ಡಾಡಿದ್ಲು.

ಆದ್ರೆ ಗುರುವಾರ ಒಂದು ಕಂಡ್ಲು. ಅವ್ವ ಬಡಿಸಿ ಆದ ಮೇಲೂ ಅಪ್ಪನ ಮುಂದೆ ಸ್ವಲ್ಪ ಹೊತ್ತು ನಿಲ್ತಾಳೆ. ಅಪ್ಪ ತಟ್ಟೆ ನೋಡ್ಕೆಂತ ಉಣ್ತಾನೆ. ಆಕೆ ಒಳಗೆ ಹೋಗ್ತಾಳೆ. ಶುಕ್ರವಾರಾನೂ ಹಂಗೇ. ಆವತ್ತು ಅವ್ವ ಗೋಡೆ ಹತ್ರ ದಿಲ್ಷಾದ್ ಬೇಗಂಗೆ ಹೇಳ್ತಿದ್ಲು, "ಊರಿಗೆಲ್ಲಾ ಗೊತ್ತಾಗಂಗೆ ಬರೀತಾರಂತೆ ಆಪಾ. ಎದುರಿಗೆ ನಿಂತ್ರೆ ಬಾಯಿ ಬರಲ್ಲ. ಹೆಂಗಿದು?"

ಲೀದಿಯಾ ಕೈಯಾಗಿನ ಹೋಳಿಗೆ ತಟ್ಟೆಗೆ ವಾಪಸ್ ಇಟ್ಲು. ಅವ್ವನಿಗೆ ತಾನು ಕೊಟ್ಟಿದ್ದು ಖೋಟಾ ನೋಟು. ಅದನ್ನ ಹಿಡ್ಕಂಡು ಆಕೆ ದಿನಾ ಅಂಗಡಿ ಮುಂದೆ ನಿಂತಂಗೆ ನಿಲ್ತಿದ್ಲು.

*

ಶನಿವಾರ ಸಂಜೆ ಐದಕ್ಕೆ ಅಯ್ನೋರು ಬಂದ್ರು. ಹಿಂದೆ ಇನ್ನೊಬ್ಬ ಸಭಾ ಹಿರಿಯ ಲೇವಿಯಪ್ಪ. ಈತಗೂ ದೇವಪುತ್ರಪ್ಪಗೂ ಮೊದಲಿಂದ ಅಷ್ಟಕ್ಕಷ್ಟೇ.

"ಬರ್ರಿ, ಕೂಡ್ರಿ," ಅಂದ ದೇವಪುತ್ರಪ್ಪ.

ಲೇವಿಯಪ್ಪ ಕೂರಲಿಲ್ಲ. "ನೇರ ಕೇಳ್ತೀನಿ. ನೀವು ಪುನರ್ಜನ್ಮ ನಂಬ್ತೀರೋ?"

"ಏನು ಜನ್ಮ?"

"ಏಳು. ಬರೀ ಏಳಲ್ಲ, ಏಳೇಳು. ನಾನು ಗುಣಿಸಿ ನೋಡೀನಿ, ನಲವತ್ತೊಂಬತ್ತು ಆಗ್ತಾವೆ."

ಅಯ್ನೋರು ಜೇಬಿನಿಂದ ಚೀಟಿ ತೆಗೆದು ಮುಂದಿಟ್ರು. "ಹರಿಹರದಾಗೆ ಎಲ್ಲಾರೂ ಕೇಳ್ತಾರೆ ದೇವಪುತ್ರಪ್ನೋರೆ. ನಮ್ಮ ನಂಬಿಕೆಯಾಗೆ ಹುಟ್ಟೋದು ಒಂದೇ ಸಲ. ನಾಳೆ ಬೆಳೆಹಬ್ಬ, ಮುಂದೆ ನಿಂತು ಎಲ್ಲರ ಕಾಣಿಕೆ ತಗಳ್ಳೋರು ನೀವು. ಇದನ್ನ ನೀವೇ ಬರೆದಿದ್ರೆ ಹಿರಿಯತನ ಬಿಡಬೇಕಾಗ್ತೈತೆ. ಬರೆದಿಲ್ಲ ಅಂದ್ರೆ ಹೇಳ್ರಿ, ಇಲ್ಲಿಗೇ ಮುಗಿಸಾಣ."

ದೇವಪುತ್ರಪ್ಪ ಚೀಟಿ ಓದಿದ. ಕಿವಿ ಕೆಂಪಗಾದ್ವು. ತಲೆ ಎತ್ತಿದ. ಅಡಿಗೆಮನೆ ಬಾಗಿಲಾಗೆ ಸುಗುಣಮ್ಮ ನಿಂತಿದ್ಲು, ಕೈಯಾಗೆ ಚಹದ ಲೋಟ.

ಪರದೆ ಹಿಂದೆ ಲೀದಿಯಾ ಲೆಕ್ಕ ಹಾಕಿದ್ಲು. ಅಲ್ಲ ಅಂದ್ರೆ ಅವ್ವ ಹರಿಹರದ ಬಸ್ಸು ಹತ್ತಾಳೆ. ಹೌದು ಅಂದ್ರೆ ಅಪ್ಪನ ಹಿರಿಯತನ ಹೋಗ್ತೈತೆ.

"ಬರೆದಿದ್ದು..." ದೇವಪುತ್ರಪ್ಪ ಚೀಟಿ ಮಡಚಿದ. "ಬರೆದಿದ್ದು ನಾನೇ."

ಹುಟ್ಟಿದಾಗಿನಿಂದ ಅಪ್ಪ ಹಿಂಗೆ ಬಾಯಿಬಿಟ್ಟು ಒಂದು ಸುಳ್ಳು ಹೇಳಿದ್ದು ಲೀದಿಯಾ ಕೇಳಿರ್ಲಿಲ್ಲ. ಪರದೆ ಕಿತ್ಕಂಡು ಹೊರಗೆ ಬಂದ್ಲು.

"ಅಲ್ಲ ಅಯ್ನೋರೆ! ಬರೆದಿದ್ದು ನಾನು. ಎರಡೂ ಸಾಲು. ಅಪ್ಪಗೆ ಆ ಜನ್ಮದ ವಿಷಯ ಗೊತ್ತೇ ಇಲ್ಲ."

ಸುಗುಣಮ್ಮ ಲೋಟ ಕೆಳಗಿಟ್ಲು.

"ಅಂದ್ರೆ ನನಗೆ ಒಂದು ಒಳ್ಳೆ ಮಾತು ಹೇಳಾಕೂ ಬಾಡಿಗೆ ಬಾಯಿ ಬೇಕಾತಾ?"

ಆಕೆ ಒಳಗೆ ತಿರುಗಿದ್ಲು. ದೇವಪುತ್ರಪ್ಪ ಎದ್ದು ನಿಂತ.

"ತಡಿ ಸುಗುಣಾ. ಬರೆದಿದ್ದು ನಾನಲ್ಲ, ಖರೆ. ಬರೀಬೇಕು ಅಂತ ಹೊಳೀಲೂ ಇಲ್ಲ, ಅದೂ ಖರೆ." ಆಮೇಲೆ ಆತಗೆ ದಾರಿ ತಪ್ತು. ಬನಿಯನ್ ಎಳ್ಕಂಡ. "ನೀನು ಹೋದ ಐದನೇ ದಿನ ಮಿಲ್ಲಿನಾಗೆ ಬುತ್ತಿ ಬಿಚ್ಚಿದೆ. ನಾನೇ ಕಟ್ಕಂಡಿದ್ದು. ಚಟ್ನಿ ಎಣ್ಣೆ ಸೋರಿ ಅಂಗಿಯೆಲ್ಲಾ ಆಗಿತ್ತು. ನೀನು ಚಟ್ನಿ ಸುತ್ತ ಒಂದು ಬಾಳೆ ಎಲೆ ಚೂರು ಇಡ್ತಿದ್ದೆಲ್ಲಾ... ಇಪ್ಪತ್ನಾಕು ವರ್ಷ ಅದನ್ನ ತೆಗೆದು ಬಿಸಾಕೀನಿ. ಯಾಕ ಇಡ್ತಾಳೆ ಅಂತ ಒಂದಿನ ಯೋಚನೆ ಮಾಡಿಲ್ಲ. ಅವತ್ತು ಅಂಗಿ ನೋಡ್ಕೆಂತ ಕುಂತೆ. ಊಟಾನೇ ಮಾಡ್ಲಿಲ್ಲ."

"ಇದನ್ನ ಬಂದ ದಿನಾನೇ ಯಾಕ ಹೇಳ್ಲಿಲ್ಲ?"

"ದೇವರಿಗೆ ಹೇಳಾದು ಸಲೀಸು. ಆತ ಎದುರಿಗೆ ನಿಂತು ಹಿಂಗೆ ಮುಖ ನೋಡಲ್ಲ."

ಅಯ್ನೋರಿಗೆ ನಗು ಬಂತು. "ಅನ್ನ ಕೊಡೋನು ಆತನೇ, ದೇವಪುತ್ರಪ್ನೋರೆ. ಆದ್ರೆ ಯಾರ ಕೈಯಾಗೆ ಕೊಟ್ಟು ಕಳಿಸ್ತಾನೆ ಅಂತ ಒಂದ್ಸಲ ತಲೆ ಎತ್ತಿ ನೋಡಬೇಕು. ನಾನೂ ನೋಡಬೇಕು. ನಮ್ಮ ಮನ್ಯಾಗೂ ಒಬ್ರು ಅದಾರೆ."

"ಅದೆಲ್ಲಾ ಸರಿ," ಅಂದ ಲೇವಿಯಪ್ಪ, ಬಂದ ಕೆಲಸ ಬಿಡದಂಗೆ. "ಪುನರ್ಜನ್ಮದ್ದು ಏನು ತೀರ್ಮಾನ?"

"ಈ ಮನುಷ್ಯನ ಜತೆ ಈ ಒಂದೇ ಜನ್ಮ ಸಾಕು ಸಾಕಾಗೈತೆ ಲೇವಿಯಪ್ಪಣ್ಣ," ಅಂದ್ಲು ಸುಗುಣಮ್ಮ. "ಇನ್ನ ನಲವತ್ತೆಂಟು ಯಾರಿಗೆ ಬೇಕಾಗೈತೆ?"

ಲೇವಿಯಪ್ಪ ಮೊದಲು ನಕ್ಕ. ಆಮೇಲೆ ಎಲ್ಲಾರೂ ನಕ್ರು. ದೇವಪುತ್ರಪ್ಪ ಸುಗುಣಮ್ಮ ಕೆಳಗಿಟ್ಟಿದ್ದ ಲೋಟ ಎತ್ಕಂಡು, ತಾನೇ ಒಳಗೆ ಹೋಗಿ ಎಲ್ಲರಿಗೂ ಚಹಾ ಬಗ್ಗಿಸಿ ತಂದ. ಸಕ್ಕರೆ ಹಾಕೋದು ಮರೆತಿದ್ದ. ಯಾರೂ ಹೇಳಲಿಲ್ಲ.

ಅವರು ಹೋದ ಮೇಲೆ ಸುಗುಣಮ್ಮ ಮಗಳ ಕಡೆ ತಿರುಗಿದ್ಲು. "ನಿಮ್ಮಪ್ಪಂದು ಆತು. ಈಗ ನಿಂದು. ಅಪ್ಪನ ಬಾಯಿಂದ ನನಗೆ ಸ್ತೋತ್ರ ಹೇಳಿಸ್ದೆ. ನಿನ್ನ ಬಾಯಿಂದ ಯಾವತ್ತಾದ್ರೂ ಬಂತಾ? ನಾಳೆ ಬೆಳೆಹಬ್ಬದಾಗೆ ಎಲ್ಲರ ಮುಂದೆ ನಿಂತು ಹೇಳ್ಬೇಕು. ಸಿನಿಮಾದ್ದು ಒಂದೇ ಒಂದು ಮಾತು ಬಂತೋ, ನಾನು ಚರ್ಚಿಂದಲೇ ಬಸ್ ಸ್ಟ್ಯಾಂಡಿಗೆ."

"ಅವ್ವಾ, ಡ್ಯೂಪ್ ಇಲ್ಲದೆ ಹೆಂಗೆ..."

"ಅದೇ. ನೋಡಾಣ."

*

ಬೆಳೆಹಬ್ಬದ ದಿನ ಚರ್ಚಿಗೆ ಸಂತೆ ಬಂದಂಗಿತ್ತು. ಕುಕ್ಕುವಾಡದ ಕಡೆಯೋರು ಭತ್ತದ ತೆನೆ ತಂದಿದ್ರು, ಕೊಕ್ಕನೂರಿನೋರು ಎರಡು ಕುಂಬಳಕಾಯಿ ಹೊತ್ಕಂಡು ಬಂದಿದ್ರು. ಯಾರೋ ಕಾಲು ಕಟ್ಟಿ ತಂದ ಹುಂಜ ಅಯ್ನೋರ ಪ್ರಸಂಗ ಮುಗಿಯೋ ತನಕ ನಾಕು ಸಲ ಕೂಗಿತ್ತು. ಸ್ತೋತ್ರದ ಹೊತ್ತು ಬಂತು. ಲೀದಿಯಾ ಮುಂದೆ ಹೋಗಿ ನಿಂತ್ಲು.

ಬಾಯಿ ತೆಗೆದ್ಲು. ತಲೆಯಾಗೆ ಡೈಲಾಗುಗಳು ಟಿಕೆಟ್ ಕೌಂಟರಿಗೆ ಮುಗಿಬಿದ್ದಂಗೆ ಮುಗಿಬಿದ್ವು. ತಾಯಿ ಋಣ, ತಾಯಿ ಹಾಲು, ತಾಯಿ ಕಣ್ಣೀರು. ಒಂದೊಂದನ್ನೇ ಹಿಂದಕ್ಕೆ ನೂಕಿದ್ಲು. ಕೊನೀಗೆ ತಲೆ ಖಾಲಿ ಆತು. ಬೆಂಚಿನ ಮೇಲೆ ಅವ್ವ ಸೆರಗಿನ ತುದಿ ಸುತ್ಕೆಂತ ಕುಂತಿದ್ಲು.

"ನಮ್ಮವ್ವ ಊರಾಗೆ ಇಲ್ಲದಾಗ ನಾನು ಅಡಿಗೆ ಮಾಡ್ದೆ," ಅಂದ್ಲು ಲೀದಿಯಾ. ದನಿ ತನ್ನದೇ ಅನ್ನಿಸಲಿಲ್ಲ, ಅಷ್ಟು ಸಣ್ಣಗಿತ್ತು. "ಎಲ್ಲಾರಿಗೂ ಬಡಿಸಿದೆ. ಬಡಿಸಿ ಆದ ಮೇಲೆ ನೋಡಿದ್ರೆ ನನಗೆ ಪಾತ್ರೆಯಾಗೆ ಸೀದಿದ್ದು ಮಾತ್ರ ಇತ್ತು. ಅವ್ವ ಯಾವಾಗ್ಲೂ ಕೆರೆದು ಕೆರೆದು ಉಣ್ತಾಳೆ. ಕೇಳಿದ್ರೆ ನನಗೆ ಸೀಕೇ ಇಷ್ಟ ಅಂತಾಳೆ. ನಾನು ನಂಬಿದ್ದೆ. ಅದು... ಅದು ಯಾರಿಗೂ ಇಷ್ಟ ಆಗಲ್ಲ. ನಾನು ತಿಂದು ನೋಡೀನಿ. ಅವ್ವನ್ನ ಕೊಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ. ಅವ್ವಗೂ."

ಅಷ್ಟೇ. ಮೂಗು ಒರೆಸ್ಕಂಡ್ಲು.

"ಸಾಕು ಬಾರೇ, ಎಲ್ಲರ ಮುಂದೆ ಅಳಿಸ್ತಾಳೆ ನೋಡು," ಅಂದ್ಲು ಸುಗುಣಮ್ಮ ಕುಂತಲ್ಲಿಂದಲೇ. ಚರ್ಚೆಲ್ಲಾ ನಗ್ತು.

"ಇನ್ನ ಯಾರಾದ್ರೂ ಅದೀರಾ?" ಅಂತ ಅಯ್ನೋರು ಕೇಳಿದ್ದೇ ತಪ್ಪಾತು. ಹೆಂಗಸ್ರ ಕಡೆಯಿಂದ ಎಲ್ಲಾರೂ ಗಂಡಸ್ರ ಕಡೆ ತಿರುಗಿ ನೋಡಿದ್ರು. ಆ ನೋಟಕ್ಕೆ ಲೇವಿಯಪ್ಪನೇ ಮೊದಲು ಎದ್ದ. ಆಮೇಲೆ ಸಾಲಿಗೆ ಸಾಲು. ಒಬ್ಬ ತೊದಲಿಕೆಂತ ಹೆಂಡತಿ ಮಾಡೋ ಚಹಾ ಹೊಗಳಿದ, ಇನ್ನೊಬ್ಬ ಮುಂದೇನು ಹೇಳ್ಬೇಕು ಅಂತ ಹೆಂಡತಿನ್ನೇ ಕೇಳಿದ. ಗಂಟೆ ಒಂದೂವರೆ ಆತು.

ಎಲ್ಲಾ ಮುಗೀತು ಅನ್ನೋವಾಗ ಕೋಲು ಊರಿಕೆಂತ ಎಲಿಶಮ್ಮ ಎದ್ದು ನಿಂತ್ಲು. ಮೊಮ್ಮಗಳು ಹಿಡಿಯಾಕೆ ಬಂದ್ರೆ ಕೈ ಕೊಡವಿದ್ಲು.

"ನಾನು ಅತ್ತೆ. ಸೊಸಿ ಮಾಡಿದ ಸಾರಿಗೆ ಇವತ್ತಿನ ತನಕ ದಿನಾ ಒಂದು ಹೆಸರು ಇಟ್ಟೀನಿ. ಉಪ್ಪು ಜಾಸ್ತಿ, ಹುಳಿ ಕಮ್ಮಿ, ಖಾರ ಇಲ್ಲ. ಬದುಕಿರೋ ತನಕ ಇನ್ನ ಮುಂದೂ ಇಡ್ತೀನಿ." ಉಸಿರು ತಗಂಡ್ಲು. "ಆದ್ರೆ ಇಪ್ಪತ್ನಾಕು ವರ್ಷದಾಗೆ ಬಟ್ಟಲಾಗೆ ಒಂದು ತೊಟ್ಟು ಬಿಟ್ಟು ಎದ್ದಿಲ್ಲ. ಯಾಕ ಅಂತ ದೇವರಿಗೆ ಗೊತ್ತು. ಇವತ್ತು ಆಕೆಗೂ ಗೊತ್ತಾಗ್ಲಿ. ಏನ್ ನೋಡ್ತೀರಿ? ಆಮೆನ್ ಅನ್ರಿ."

ಅಂದ್ರು. ಹುಂಜ ಬೆಚ್ಚಿ ಬಿದ್ದು ಮತ್ತೆ ಕೂಗ್ತು.

ಸುಗುಣಮ್ಮ ಬೆಂಚು ದಾಟಿ ಬಂದು ಅತ್ತೆ ತೋಳು ಹಿಡಿದು ಕೂರಿಸಿದ್ಲು. ಕೂರಿಸಿದ ಮೇಲೂ ಆ ತೋಳು ಬಿಡಲಿಲ್ಲ.